ಚೆನ್ನಕ್ಕನಪಾಳ್ಯದ ಹುಟ್ಟು

ಗೋಡೆಯ ಮೇಲೆ ಕೆಂಪು ಗೀಟು ಬಿದ್ದ ದಿನದಿಂದ ಮಹಾಲಕ್ಷ್ಮಿಗೆ ಅನ್ನ ಸೇರುತ್ತಿರಲಿಲ್ಲ. ಸರ್ವೆಯವನೊಬ್ಬ ಬಂದು, ಕೇಳದೆ ಹೇಳದೆ, ಬಾಗಿಲ ಪಕ್ಕದಲ್ಲಿ ಬ್ರಷ್ಷಿನಿಂದ ಎಳೆದು ಹೋದ ಒಂದು ಅಡ್ಡಗೀಟು, ಅಷ್ಟೇ. ಆದರೆ ಆಚೆ ಬಡಾವಣೆಯಲ್ಲಿ ಇಂಥದೇ ಗೀಟು ಬಿದ್ದ ಮನೆಗಳ ಮುಂದೆ ಆಮೇಲೆ ಜೆಸಿಬಿ ಬಂದು ನಿಂತದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಗೋಡೆ ಬಿದ್ದ ಮೇಲೆ ಒಳಗಿನ ಅಡುಗೆಮನೆ ಬೀದಿಗೆ ಕಾಣಿಸುತ್ತದಲ್ಲ, ಗೂಡಿನಲ್ಲಿಟ್ಟ ಉಪ್ಪಿನ ಜಾಡಿಯ ಸಮೇತ, ಆ ನೋಟ ಹಗೆಯವರಿಗೂ ಬೇಡ. ಅವತ್ತಿನಿಂದ ಮೆಟ್ರೋ ಕೆಲಸದ ಯಂತ್ರ ದೂರದಲ್ಲೆಲ್ಲೋ ಗುರ್ರೆಂದರೂ ಅವಳ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು.

ಚೆನ್ನಕ್ಕನಪಾಳ್ಯ ಅಂದರೆ ಯಾವ ಮಹಾ ಪಟ್ಟಣ ಅಂದುಕೊಂಡಿರಿ? ಬೆಳ್ಳಂದೂರು ದಾಟಿ, ರಿಂಗ್ ರೋಡು ಬಿಟ್ಟು ಒಳಗೆ ತಿರುಗಿ, ಟೆಕ್ ಪಾರ್ಕಿನ ಹಿಂಬದಿಯ ಕಾಂಪೌಂಡಿನ ಪಕ್ಕದಲ್ಲೇ ನಡೆದರೆ ಸಿಗುವ ಎರಡು ಬೀದಿ, ಒಂದು ಅರಳಿಕಟ್ಟೆ, ಒರತಮ್ಮನ ಗುಡಿ. ಗುಡಿಯ ಬೆನ್ನಿಗೆ ಕೆರೆ. ಕೆರೆ ಅನ್ನುವುದೂ ದೊಡ್ಡ ಮಾತೇ. ಅದರಲ್ಲಿ ಉಳಿದಿರುವುದು ಒಂದಿಷ್ಟು ಜೊಂಡು, ಒಂದಿಷ್ಟು ನೊರೆ, ಮಳೆಗಾಲದಲ್ಲಿ ಮೂಗು ಮುಚ್ಚಿಕೊಳ್ಳುವಷ್ಟು ವಾಸನೆ. ಮಹಾಲಕ್ಷ್ಮಿಯ ಗಂಡ ಮುನಿರಾಜು ಕಂಪನಿಗಳಿಗೆ ಕ್ಯಾಬ್ ಓಡಿಸುತ್ತಿದ್ದ. ಅವಳು ಅದೇ ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಅಜ್ಜಂದಿರ ಗುಡಿಸಲು ಇದ್ದ ಜಾಗದಲ್ಲೇ ಗಂಡ ಹೆಂಡತಿ ಇಟ್ಟಿಗೆ ಇಟ್ಟಿಗೆ ಕೂಡಿಸಿ ಮನೆ ಎಬ್ಬಿಸಿದ್ದರು. ಕೆಳಗೆ ತಾವು, ಮೇಲೆ ಬಾಡಿಗೆಯವರು. ಆ ಮನೆ ಹೋದರೆ ಅವರಿಗೆ ಈ ಭೂಮಿಯ ಮೇಲೆ ನಿಲ್ಲಲು ಇನ್ನೊಂದು ಅಂಗುಲ ಇರಲಿಲ್ಲ.

ಅವರಿಗಷ್ಟೇ ಅಲ್ಲ, ಇಡೀ ಪಾಳ್ಯಕ್ಕೆ ಇದೇ ಗತಿ. ಇಷ್ಟಕ್ಕೂ ಈ ಗಂಡಾಂತರ ತಂದಿಟ್ಟದ್ದು ಯಾರು ಅಂದರೆ, ಅಯ್ಯೋ, ಹೇಗೆ ಹೇಳುವುದು, ಮನೆಯ ಹಿರೀ ಜೀವವೇ. ಮಹಾಲಕ್ಷ್ಮಿಯ ಅತ್ತೆ, ಮುನಿಯಕ್ಕ.

ಈ ಪಾಳ್ಯಕ್ಕೆ ಒಂದು ಪದ್ಧತಿ ಉಂಟು. ಹೊಸಬರು ಯಾರೇ ಬರಲಿ, ಸೊಸೆಯಾಗಿ ಬರಲಿ, ಬಾಡಿಗೆಗೆ ಬರಲಿ, ಸಿಲಿಂಡರ್ ಹೊತ್ತುಕೊಂಡು ಬರಲಿ, ಚೆನ್ನಕ್ಕನ ವಂಶದ ಹಿರೀ ಹೆಂಗಸು ಅವರ ಕೈಗೆ ಒಂದು ಚೊಂಬು ನೀರು ಕೊಡಬೇಕು. ಅವರು ಅದನ್ನು ಕುಡಿಯುವ ಮುಂಚೆ ಊರು ಹುಟ್ಟಿದ ಬಗೆಯನ್ನು ಹೇಳಬೇಕು. ಅದಕ್ಕೆ ಅಲ್ಲಿಯವರು ‘ಊರು ಹೇಳೋದು’ ಅನ್ನುತ್ತಾರೆ. ಮುನಿಯಕ್ಕ ಜಗಲಿಯ ಮೇಲೆ ಕಾಲು ಮಡಿಸಿ ಕೂತು, “ಕೇಳಪ್ಪಾ ಬಂದೋನೆ, ನೀರು ಕುಡಿಯಾಕೆ ಮುಂಚೆ ನೀರಿನ ತಾಯಿ ಯಾರು ಅಂತ ತಿಳ್ಕೊ” ಅಂತ ಶುರುಮಾಡಿದಳೆಂದರೆ ಮುಗೀತು, ಯಮ ಬಂದರೂ ಕಾಯಬೇಕು. ಊಟ ತಂದ ಡೆಲಿವರಿಯವರು ಒಂದು ಕೈಯಲ್ಲಿ ಮಸಾಲೆ ದೋಸೆ, ಇನ್ನೊಂದರಲ್ಲಿ ಚೊಂಬು ಹಿಡಿದು ಮಿಕಮಿಕ ನೋಡುತ್ತ ನಿಂತಿರುತ್ತಿದ್ದರು. ಮೇಲಿನ ಮನೆಯ ಬಾಡಿಗೆಯವರಿಗೆ ತಣ್ಣಗಾದ ದೋಸೆ ತಿಂದು ಅಭ್ಯಾಸವಾಗಿಬಿಟ್ಟಿತ್ತು.

ಅವಳು ಹೇಳುತ್ತಿದ್ದುದು ಇದು. ಧಾತು ಸಂವತ್ಸರದ ದೊಡ್ಡ ಬರ. ಕೆರೆ ಬತ್ತಿ, ತಳ ಬಿರುಕು ಬಿಟ್ಟು, ಸುತ್ತಲ ಊರಿನವರು ಗುಳೆ ಎದ್ದು ಹೋದರು. ತುಂಬು ಬಸುರಿ ಚೆನ್ನಕ್ಕನಿಗೆ ಮಾತ್ರ ನಡೆಯಲಾಗಲಿಲ್ಲ. ಗಂಡನ ಕಡೆಯವರು ಅವಳನ್ನು ಕೆರೆಯಂಗಳದಲ್ಲೇ ಬಿಟ್ಟು ಹೊರಟುಹೋದರು. ಬಾಯಾರಿ ಬಾಯಾರಿ ಅವಳು ಬರಿಗೈಯಲ್ಲಿ ಕೆರೆಯ ಮಣ್ಣು ಬಗೆದಳು, ಉಗುರು ಕಿತ್ತು ಬರುವ ತನಕ ಬಗೆದಳು. ಕೈಗೆ ಒಂದು ಕಲ್ಲು ಸಿಕ್ಕಿತು. ಕಲ್ಲನ್ನು ಎತ್ತಿದರೆ ಅಡಿಯಲ್ಲಿ ಒರತೆ, ಬುಳಬುಳ ನೀರು. ಆ ನೀರು ಕುಡಿದು ಅಲ್ಲೇ ಹೆತ್ತಳು. ಗುಳೆ ಹೋದವರಲ್ಲಿ ಬದುಕಿ ಉಳಿದವರು ಹಿಂದಿರುಗಿ ಬಂದಾಗ, ಕೆರೆಯ ನಟ್ಟನಡುವೆ ಒಂದು ಗುಡಿಸಲು, ಗುಡಿಸಲ ಮುಂದೆ ಹೊಗೆ. ಕೆರೆ ಮತ್ತೆ ತುಂಬಿದ ವರ್ಷ ನೀರು ಮೇಲೇರಿ ಬಂದು ಆ ಕಲ್ಲಿನ ಪಾದ ಮುಟ್ಟಿ ನಿಂತಿತು, ಒಂದು ಹೆಜ್ಜೆ ಮುಂದೆ ಬರಲಿಲ್ಲ. ಆ ಕಲ್ಲೇ ಒರತಮ್ಮ. ಆ ಗುಡಿಸಲೇ ಪಾಳ್ಯ.

ಈ ಕಥೆಯಲ್ಲಿ ಒಂದು ಮಾತು ಆಚೀಚೆ ಆಗುವಂತಿರಲಿಲ್ಲ. ಮುನಿಯಕ್ಕ ಎಳೇ ಸೊಸೆಯಾಗಿದ್ದಾಗ ಇದನ್ನು ಕಲಿಯುತ್ತ ಎಲ್ಲೋ ಒಂದು ಕಡೆ ಚಂದಕ್ಕೆ ಅಂತ ತನ್ನದೊಂದು ಮಾತು ಸೇರಿಸಿದ್ದಳಂತೆ. ಅವಳ ಅತ್ತೆ ಸೌಟಿನಿಂದಲೇ ಬಾರಿಸಿದ್ದಳಂತೆ. “ತಾಯಿ ಮುಂದೆ ಸುಳ್ಳಾಡ್ತೀಯೇನೇ?” ಅಂತ. ಅದನ್ನು ಮುನಿಯಕ್ಕ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ಕೆರೆಯ ಆಚೆ ದಡದ ಅಪಾರ್ಟ್‌ಮೆಂಟಿನಲ್ಲಿ ಪಟ್ಟಾಭಿರಾಮ ಅಂತ ಒಬ್ಬರು ಇದ್ದರು. ಸರ್ಕಾರಿ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಕೆಲಸ ಮಾಡಿ ನಿವೃತ್ತರಾದವರು. ದೇವರಂಥ ಮನುಷ್ಯ, ಇರುವೆ ಕಂಡರೂ ದಾರಿ ಬಿಟ್ಟು ನಡೆಯುವವರು. ಕೆರೆ ಉಳಿಸಬೇಕು ಅಂತ ಒಂದು ಗುಂಪು ಕಟ್ಟಿಕೊಂಡು ಭಾನುವಾರ ಭಾನುವಾರ ಜನರನ್ನು ಕರೆದುಕೊಂಡು ಬರುತ್ತಿದ್ದರು. ಮುನಿಯಕ್ಕ ಬಿಡುತ್ತಾಳೆಯೇ? ನೀರು ಕೊಟ್ಟಳು, ಊರು ಹೇಳಿದಳು. ಅವರು ಮೈಯೆಲ್ಲ ಕಿವಿಯಾಗಿ ಕೇಳಿದರು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರು. ತಮ್ಮ ಅಪಾರ್ಟ್‌ಮೆಂಟಿನ ಪತ್ರಿಕೆಯಲ್ಲಿ ‘ಕೆರೆಯ ಒಡಲಲ್ಲಿ ಹುಟ್ಟಿದ ಊರು’ ಅಂತ ಬರೆದು, ಮುನಿಯಕ್ಕನ ಫೋಟೋ ಹಾಕಿಸಿದರು. ಪಾಳ್ಯದವರು ಕುಣಿದಾಡಿಬಿಟ್ಟರು. ಮುನಿರಾಜು ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡ. ಮಹಾಲಕ್ಷ್ಮಿ ಟೆಕ್ ಪಾರ್ಕಿನಲ್ಲಿ ಕಂಡಕಂಡವರಿಗೆಲ್ಲ ತೋರಿಸಿ, “ನಮ್ಮತ್ತೆ ಕಣ್ರೀ” ಅಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೆರೆಗಳ ಒತ್ತುವರಿ ಅಳೆಯುವ ಸರ್ವೆಯವರ ಕಣ್ಣಿಗೂ ಅದು ಬಿತ್ತು. ಕೆರೆಯ ಹಳೇ ನಕ್ಷೆಯಲ್ಲಿ ಪಾಳ್ಯದ ಕಡೆಯ ಗಡಿ ಅಳಿಸಿಹೋಗಿತ್ತಂತೆ. ಇಲ್ಲಿ ನೋಡಿದರೆ ಊರಿನವರೇ ‘ನಾವು ಹುಟ್ಟಿದ್ದು ಕೆರೆಯ ನಟ್ಟನಡುವೆ’ ಅಂತ ಡಂಗುರ ಸಾರುತ್ತಿದ್ದಾರೆ. ಹಾಗಾದರೆ ಇದು ಕೆರೆಯ ಜಾಗ, ಮನೆಗಳೆಲ್ಲ ಒತ್ತುವರಿ. ಮನೆಮನೆಗೂ ಕೆಂಪು ಗೀಟು ಬಿತ್ತು. ಮುಂದಿನ ವಾರ ಅಧಿಕಾರಿ ಬಂದು ಸ್ಥಳ ನೋಡಿ, ಊರಿನ ಹಿರಿಯರ ಹೇಳಿಕೆ ತೆಗೆದುಕೊಂಡು ಕೊನೇ ತೀರ್ಮಾನ ಮಾಡುತ್ತಾರೆ ಅಂತ ತಿಳಿಸಿ ಹೋದರು.

ಅರಳಿಕಟ್ಟೆಯಲ್ಲಿ ಊರು ಸೇರಿತು. ಹಿರಿಯ ನಲ್ಲಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, “ನೋಡ್ರಪ್ಪಾ, ಇವತ್ತಿನಿಂದ ಕೆರೆ ಅನ್ನೋ ಮಾತು ಯಾರ ಬಾಯಲ್ಲೂ ಬರಬಾರ್ದು. ಇದು ದಿಣ್ಣೆ ಜಾಗ. ರಾಗಿ ಬೆಳೀತಿದ್ವಿ. ತಿಳೀತಾ?” ಅಂದ.

“ಮಾವಾ, ಗುಡಿ ಮೇಲೆ ‘ಶ್ರೀ ಕೆರೆ ಒರತಮ್ಮ ದೇವಿ’ ಅಂತ ದೊಡ್ಡದಾಗಿ ಬರ್ಸಿದ್ದೀವಲ್ಲ?” ಅಂದ ಮುನಿರಾಜು.

“ಬಳೀರ್ಲಾ ಅದ್ರ ಮ್ಯಾಲೆ ಸುಣ್ಣ!”

ಅವತ್ತು ಸಂಜೆಯೇ ಮುನಿರಾಜು ಏಣಿ ಹತ್ತಿ ‘ಕೆರೆ’ಗೆ ಬಣ್ಣ ಬಳಿದ. ಉಳಿದ ಬರಹ ಒಂದು ಕಡೆಗೆ ವಾಲಿಕೊಂಡು ಹಲ್ಲು ಬಿದ್ದ ಬಾಯಿಯ ಹಾಗೆ ಕಂಡಿತು. ಏಣಿ ಹಿಡಿದು ನಿಂತಿದ್ದ ಮಹಾಲಕ್ಷ್ಮಿ ದೇವಿಯ ಕಡೆ ನೋಡಲಿಲ್ಲ.

“ಬಣ್ಣ ಬಳೀಬೋದು. ನಿಮ್ಮತ್ತೆ ಬಾಯಿಗೆ ಏನು ಬಳೀತೀರಾ?” ಅಂದ ನಲ್ಲಪ್ಪ. ಎಲ್ಲರೂ ಮಹಾಲಕ್ಷ್ಮಿಯನ್ನೇ ನೋಡಿದರು. ಮುನಿಯಕ್ಕನ ಬಾಯಿಗೆ ಊರಿನ ಗಂಡಸರು ಯಾರೂ ಅಡ್ಡ ಹೋದವರಲ್ಲ. ಆ ಹುಲಿಯ ಮೀಸೆ ಹಿಡಿಯುವ ಕೆಲಸ ಸೊಸೆಯ ಪಾಲಿಗೇ ಬಂತು.

ಮುನಿಯಕ್ಕ ಮುದ್ದೆ ಉಣ್ಣುತ್ತಿದ್ದಾಗ ಮಹಾಲಕ್ಷ್ಮಿ ಎದುರಿಗೆ ಕೂತಳು. ಹೇಗೆ ಶುರು ಮಾಡಬೇಕೋ ತಿಳಿಯದೆ ಸಾರು ಬಡಿಸಿದಳು, ಮತ್ತೆ ಬಡಿಸಿದಳು.

“ಏನಮ್ಮಿ, ತಟ್ಟೇಲಿ ಈಜು ಒಡೀಬೇಕಾ ನಾನು? ಅದೇನು ಬೊಗಳು.”

“ಅತ್ತೆ, ಆಫೀಸರ್ರು ಬಂದಾಗ ನೀವು ಊರು ಹೇಳಬಾರ್ದು. ಹೇಳಿದ್ರೂ ಕೆರೆ ಸುದ್ದಿ ಬೇಡ. ದಿಣ್ಣೆ ಮೇಲೆ ಇದ್ವಿ ಅನ್ನಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಮುನಿಯಕ್ಕನ ಕೈ ತಟ್ಟೆಯಲ್ಲೇ ನಿಂತಿತು. “ತಾಯೀನೇ ಇಲ್ಲ ಅನ್ನು ಅಂತೀಯಾ?”

“ಮನೆ ಹೋಗ್ತದೆ ಅತ್ತೆ!”

“ಚೆನ್ನಕ್ಕ ಉಗುರು ಕಿತ್ಕೊಂಡು ಬಗೆದ ಜಾಗ ಕಣೇ ಇದು! ಅದನ್ನ ದಿಣ್ಣೆ ಅಂತ ನನ್ನ ಬಾಯಲ್ಲಿ ಯೋಳಿಸ್ತೀಯಾ? ನಿನ್ನ ನಾಲಿಗೆ ಸೇದೋಗ!” ತಟ್ಟೆ ಜಗಲಿ ದಾಟಿ ಬೀದಿಗೆ ಹೋಗಿ ಬಿತ್ತು. ಸಾರು ಗೋಡೆಗೆ ಹಾರಿತು, ಕೆಂಪು ಗೀಟಿನ ಕೆಳಗೇ. ಮುನಿಯಕ್ಕ ಕೈ ತೊಳೆದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ಆಮೇಲಿನ ದಿನಗಳು ಹೇಗೆ ಕಳೆದವೋ ಆ ಒರತಮ್ಮನೇ ಬಲ್ಲಳು. ಮಹಾಲಕ್ಷ್ಮಿ ಟೆಕ್ ಪಾರ್ಕಿನ ನೆಲ ಒರೆಸುವವರಿಗೆ ಒಂದು ಹೇಳಲು ಹೋಗಿ ಇನ್ನೊಂದು ಹೇಳುತ್ತಿದ್ದಳು. ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗೆ ಪಾಳ್ಯ, ಅಂಗೈಯಗಲ. ತನ್ನ ಮನೆಯ ಮೇಲಿನ ನೀಲಿ ಸಿಂಟೆಕ್ಸ್ ಟ್ಯಾಂಕನ್ನು ಕಂಡರೆ, ಸದ್ಯ, ಇನ್ನೂ ಇದೆಯಲ್ಲ ಅಂತ ಉಸಿರು ಬಿಡುತ್ತಿದ್ದಳು. ಹತ್ತು ನಿಮಿಷ ಬಿಟ್ಟು ಮತ್ತೆ ಬಂದು ಬಗ್ಗುತ್ತಿದ್ದಳು. ಹುಚ್ಚು ಅನ್ನಿ. ಅವಳ ಜಾಗದಲ್ಲಿ ಕೂತು ನೋಡಿ, ಆಗ ಗೊತ್ತಾಗುತ್ತದೆ.

ಕೊನೆಗೆ ಗಂಡ ಹೆಂಡತಿ ಒಂದು ಉಪಾಯ ಮಾಡಿದರು. ಮುನಿಯಕ್ಕನ ತಂಗಿ ಆನೇಕಲ್ಲಿನಲ್ಲಿ ಇದ್ದಳು. ಅವಳಿಗೆ ಮೈ ಹುಷಾರಿಲ್ಲ ಅಂತ ಹೇಳಿ, ಅಧಿಕಾರಿ ಬರುವ ಹಿಂದಿನ ದಿನ ಮುನಿರಾಜು ತಾಯಿಯನ್ನು ಕ್ಯಾಬಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟು ಬಂದ. ಹೋಗುವಾಗ ಮುದುಕಿ ತುಟಿ ಪಿಟಕ್ಕೆನ್ನಲಿಲ್ಲ. ಅದೇ ಮಹಾಲಕ್ಷ್ಮಿಗೆ ಹೆದರಿಕೆ. ಬೈದಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು.

ಮಾರನೇ ಬೆಳಿಗ್ಗೆ ಸರ್ವೆಯವರ ಜೀಪು ಅರಳಿಕಟ್ಟೆ ಹತ್ತಿರ ನಿಂತಿತು. ಅಧಿಕಾರಿಯ ಹೆಸರು ವೆಂಕಟೇಶಪ್ಪ. ದಪ್ಪ ಕನ್ನಡಕ, ಸಾವಧಾನದ ಮಾತು, ಕೆಟ್ಟವರ ಹಾಗೇನೂ ಕಾಣಲಿಲ್ಲ. ಕೈಯಲ್ಲಿ ಪಟ್ಟಾಭಿರಾಮರು ಬರೆದ ಲೇಖನ ಇತ್ತು. ಹಿಂದೆಯೇ ಪಟ್ಟಾಭಿರಾಮರೂ ಇಳಿದರು. ಅವರನ್ನು ಕರೆಸಿದ್ದರಂತೆ. ಅವರ ಮುಖ ಬಿಳಿಚಿಕೊಂಡಿತ್ತು. ಮಹಾಲಕ್ಷ್ಮಿಯ ಹತ್ತಿರ ಬಂದು ಮೆಲ್ಲಗೆ, “ಅಮ್ಮ, ನಾನು ಹೀಗಾಗತ್ತೆ ಅಂತ ಖಂಡಿತ ಅಂದ್ಕೊಂಡಿರಲಿಲ್ಲ. ಒಳ್ಳೇದಾಗಲಿ ಅಂತ ಬರೆದೆ” ಅಂದರು. ಅವಳಿಗೆ ಅವರ ಕೊರಳಪಟ್ಟಿ ಹಿಡಿಯಬೇಕೆನಿಸಿತು, ಪಾಪ ಅಂತಲೂ ಅನಿಸಿತು. ಸುಮ್ಮನೆ ತಲೆಯಾಡಿಸಿದಳು.

ನಲ್ಲಪ್ಪ ಮುಂದೆ ಬಂದು ದಿಣ್ಣೆ, ರಾಗಿ ಹೊಲ ಅಂತ ಕಲಿತ ಪಾಠ ಒಪ್ಪಿಸಿದ. ವೆಂಕಟೇಶಪ್ಪ ಕೇಳಿ, ಲೇಖನ ತೋರಿಸಿ, “ಸರಿ ಯಜಮಾನ್ರೆ. ಆದ್ರೆ ಇದರಲ್ಲಿ ಬೇರೆ ಥರ ಇದೆಯಲ್ಲ. ಈ ಫೋಟೋದಲ್ಲಿರೋ ಅಜ್ಜಿ ಎಲ್ಲಿ? ಅವರ ಬಾಯಿಂದಲೇ ಕೇಳಬೇಕು ನಾನು” ಅಂದರು.

“ಅವ್ರು ಊರಲ್ಲಿಲ್ಲ ಸಾರ್,” ಅಂದಳು ಮಹಾಲಕ್ಷ್ಮಿ. “ತಂಗಿಗೆ ಹುಷಾರಿಲ್ಲ ಅಂತ...”

ಅವಳ ಮಾತು ಅಲ್ಲೇ ನಿಂತಿತು. ಕಾಂಪೌಂಡಿನ ತಿರುವಿನಲ್ಲಿ ಒಂದು ಆಟೋ ಬರುತ್ತಿತ್ತು. ಒಳಗೆ ಬಿಳೀ ತಲೆ, ಹಸಿರು ಸೀರೆ. ಮುನಿಯಕ್ಕ ಇಳಿದು, ಸೆರಗು ಸರಿಮಾಡಿಕೊಂಡು, ಆಟೋದವನಿಗೆ “ಇರಪ್ಪಾ, ನೀನೂ ನೀರು ಕುಡ್ಕೊಂಡು ಓಗುವೆ” ಅಂದು ಸೀದಾ ನಡೆದು ಬಂದಳು. ಮುನಿರಾಜು “ಸತ್ವಿ” ಅಂದದ್ದು ಪಕ್ಕದಲ್ಲಿದ್ದ ಅವಳಿಗಷ್ಟೇ ಕೇಳಿಸಿತು.

“ಯಾಕತ್ತೆ ಬಂದ್ರಿ?” ಅಂದಳು, ಅಳು ಬಂದಂತಾಗಿ.

“ಊರಿಗೆ ಹೊಸಬ್ರು ಬಂದವ್ರೆ. ನೀರು ಕೊಡೋರ್ಯಾರು, ನಿಮ್ಮಪ್ಪನಾ?” ಅನ್ನುತ್ತ ಮುನಿಯಕ್ಕ ಒಳಗೆ ಹೋದಳು.

ಹಿತ್ತಾಳೆ ಚೊಂಬು ತಂದು ವೆಂಕಟೇಶಪ್ಪನವರ ಕೈಗೆ ಕೊಟ್ಟಳು. ಜಗಲಿಯ ಮೇಲೆ ಕಾಲು ಮಡಿಸಿ ಕೂತಳು. ಊರಿಗೆ ಊರೇ ಸುತ್ತ ನೆರೆದಿತ್ತು. ನಲ್ಲಪ್ಪ ಟವೆಲನ್ನು ಬಾಯಿಗೆ ಒತ್ತಿಕೊಂಡಿದ್ದ. ಅವಳ ಬಾಯಿ ಮುಚ್ಚಲೇ, ಕಾಲು ಹಿಡಿಯಲೇ, ಈ ಮುದುಕಿಗೆ ತಲೆ ಕೆಟ್ಟಿದೆ ಸಾರ್ ಅಂದುಬಿಡಲೇ ಅಂತ ಮಹಾಲಕ್ಷ್ಮಿಯ ಮನಸ್ಸು ದಿಕ್ಕೆಟ್ಟು ಓಡಿತು.

“ಅಜ್ಜಿ, ಈ ಊರು ಹೇಗೆ ಬಂತು? ಕೆರೆ ಎಲ್ಲಿವರೆಗೂ ಇತ್ತು? ಹೆದರ್ಕೋಬೇಡಿ, ಗೊತ್ತಿರೋದನ್ನ ಹೇಳಿ,” ಅಂದರು ವೆಂಕಟೇಶಪ್ಪ.

“ಕೇಳಪ್ಪಾ ಬಂದೋನೆ,” ಅಂದಳು ಮುನಿಯಕ್ಕ, ಅದೇ ರಾಗದಲ್ಲಿ. “ನೀರು ಕುಡಿಯಾಕೆ ಮುಂಚೆ ನೀರಿನ ತಾಯಿ ಯಾರು ಅಂತ ತಿಳ್ಕೊ.”

ಮಹಾಲಕ್ಷ್ಮಿ ಕಣ್ಣು ಮುಚ್ಚಿಕೊಂಡಳು. ಹೋಯಿತು. ಮನೆ ಹೋಯಿತು.

ಮುನಿಯಕ್ಕ ಅಲ್ಲಿಗೇ ನಿಲ್ಲಿಸಿದಳು. ಕಥೆಯ ಆ ಜಾಗದಲ್ಲಿ ಅವಳು ಯಾವತ್ತೂ ನಿಲ್ಲುತ್ತಿರಲಿಲ್ಲ. ಮಹಾಲಕ್ಷ್ಮಿ ಕಣ್ಣು ತೆರೆದರೆ ಮುದುಕಿ ತನ್ನನ್ನೇ ನೋಡುತ್ತಿದ್ದಾಳೆ.

“ಈ ನೀರಿಗೆ ತಾಯಿನೂ ಇಲ್ಲ, ತಂದೆನೂ ಇಲ್ಲ,” ಅಂದಳು ಮುನಿಯಕ್ಕ. “ಬೋರ್‌ವೆಲ್ ನೀರು. ನನ್ನ ಮಗ ಕೊರೆಸಿದ್ದು. ಕುಡಿ.”

ವೆಂಕಟೇಶಪ್ಪ ಕುಡಿದರು.

“ನಾವು ಒಸಕೋಟೆ ಕಡೆಯೋರಪ್ಪ. ನಮ್ಮತ್ತೆ ಮಾವ ಗಾಡಿ ಕಟ್ಕೊಂಡು ಕೂಲಿ ಉಡುಕ್ಕೊಂಡು ಬಂದ್ರು. ಆವಾಗ ಇದೆಲ್ಲ ದಿಣ್ಣೆ. ಅರಳು ಕಲ್ಲು. ರಾಗಿ ಚೆಲ್ಲಿದ್ರೆ ಮೊಣಕಾಲುದ್ದ ಬರ್ತಿತ್ತು, ಅಷ್ಟೇಯ. ಕುಡಿಯೋ ನೀರಿಗೆ ಅಗೋ ಅಲ್ಲೀಗಂಟ ಓಗ್ತಿದ್ವಿ, ಆ ಗಾಜಿನ ಕಟ್ಟಡ ಐತಲ್ಲ, ಅದರ ಬುಡಕ್ಕೆ. ಕೆರೆ ಇದ್ದಿದ್ದು ಅಲ್ಲಿ. ಬಿಂದಿಗೆ ಹೊತ್ತು ಹೊತ್ತು ನನ್ನ ನೆತ್ತಿ ಸವೆದೋಯ್ತು, ಬೇಕಾದ್ರೆ ಮುಟ್ಟಿ ನೋಡು.” ನಿಜವಾಗಿಯೂ ತಲೆ ಬಗ್ಗಿಸಿದಳು. ಜೊತೆಗೆ ಬಂದಿದ್ದ ಸರ್ವೆಯವರು ನಕ್ಕರು.

“ಮತ್ತೆ ಆ ದೇವರು? ಒರತಮ್ಮ?”

“ಏನು ದೇವ್ರು? ಕಲ್ಲು. ಗಾಡಿ ಇಂದಕ್ಕೆ ಓಗ್ದಂಗೆ ಚಕ್ರಕ್ಕೆ ಕೊಡ್ತಾರಲ್ಲ, ಆ ಕಲ್ಲು. ಬಂದ ಮೇಲೆ ಮೂಲೇಲಿ ಬಿದ್ದಿತ್ತು. ಯಾರೋ ಅರಿಶಿನ ಬಳಿದ್ರು, ಇನ್ನೊಬ್ರು ಕಾಯಿ ಒಡೆದ್ರು. ದೇವ್ರಾಯ್ತು.”

ನೆರೆದವರಲ್ಲಿ ಯಾರೋ ಒಬ್ಬಳು “ಅಮ್ಮಾ ತಾಯೇ” ಅಂತ ಕೆನ್ನೆ ಬಡಿದುಕೊಂಡಳು. ಇದನ್ನೇ ತಾನೆ ಮಹಾಲಕ್ಷ್ಮಿ ಕಾಲಿಗೆ ಬಿದ್ದು ಬೇಡಿದ್ದು? ಬೇಡಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಆದರೂ ಯಾರೋ ತನ್ನ ಕಣ್ಣ ಮುಂದೆ ಒಂದು ಮಗುವಿನ ಕತ್ತು ಹಿಸುಕುತ್ತಿದ್ದಾರೆ, ತಾನು ನೋಡುತ್ತ ನಿಂತಿದ್ದೇನೆ ಅನಿಸಿತು.

ವೆಂಕಟೇಶಪ್ಪ ಲೇಖನ ಮುಂದೆ ಹಿಡಿದರು. “ಅಜ್ಜಿ, ಕೆರೆ ಬತ್ತಿದಾಗ ಅದರ ಮಧ್ಯದಲ್ಲೇ ಊರು ಹುಟ್ಟಿತು, ನೀವೇ ಹೇಳಿದ್ದು ಅಂತ ಬರೆದಿದ್ದಾರೆ ಇವರು?”

ಮುನಿಯಕ್ಕ ಪಟ್ಟಾಭಿರಾಮರ ಕಡೆ ತಿರುಗಿದಳು. ಆ ಮನುಷ್ಯ ಮೊಬೈಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದರು. ಅವಳ ಕಂಠ, ಅವಳ ಕಥೆ, ಮೊದಲಿಂದ ಕೊನೆಯವರೆಗೂ ಅದರೊಳಗೆ ಇತ್ತು. ಒಂದು ಸಲ ಒತ್ತಿದ್ದರೆ ಸಾಕಿತ್ತು.

“ಅಯ್ಯೋ ಈ ಸ್ವಾಮಿಗಾ?” ಮುನಿಯಕ್ಕ ಬೊಚ್ಚುಬಾಯಿ ತೆರೆದು ನಕ್ಕಳು. “ಭಾನುವಾರ ಬರೋರು, ಬಿಸ್ಕತ್ತು ತರೋರು, ಕಥೆ ಯೋಳಜ್ಜಿ ಅನ್ನೋರು. ಬಿಸ್ಕತ್ತು ತಿಂದ ಮ್ಯಾಲೆ ಏನಾರ ಯೋಳಬೇಕಲ್ಲ? ಬಾಯಿಗೆ ಬಂದಿದ್ದು ಒದರಿದೆ. ಬಾಳ ಸುಳ್ಳು ಮುದುಕಿ ಕಣಪ್ಪ ನಾನು. ಈ ಊರಲ್ಲಿ ಯಾರನ್ನ ಬೇಕಾದ್ರೂ ಕೇಳು.”

ಒಂದು ಮಾತು ಹೆಚ್ಚಿಗೆ ಸೇರಿಸಿದ್ದಕ್ಕೆ ಸೌಟಿನ ಏಟು ತಿಂದವಳು, ಊರಿನವರೆಲ್ಲರ ಎದುರು ಹೀಗಂದಳು. ವೆಂಕಟೇಶಪ್ಪ ಊರಿನವರತ್ತ ನೋಡಿದರು. ಮಹಾಲಕ್ಷ್ಮಿಯ ಕಡೆ ನೋಡಿದರು.

“ಹೌದು ಸಾರ್,” ಅಂದಳು ಅವಳು. “ನಮ್ಮತ್ತೆ ಹಂಗೇನೆ. ಏನೇನೋ ಹೇಳ್ತಾರೆ.”

ಪಟ್ಟಾಭಿರಾಮರು ಮೊಬೈಲನ್ನು ಜೇಬಿಗೆ ಹಾಕಿಕೊಂಡರು. “ನಾನು ವಿಚಾರಿಸದೆ ಬರೆದುಬಿಟ್ಟೆ ಅನ್ಸತ್ತೆ,” ಅಂದರು. ವೆಂಕಟೇಶಪ್ಪ ಮುನಿಯಕ್ಕನ ಹೆಬ್ಬೆಟ್ಟು ಒತ್ತಿಸಿಕೊಂಡು, ಅತ್ತಿತ್ತ ಅಳೆಯಿಸಿ, ಜೀಪು ಹತ್ತಿದರು.

ಜೀಪು ಮರೆಯಾದ ಮೇಲೆ ಮಹಾಲಕ್ಷ್ಮಿ ಕುಸಿದು ಕೂತು ಗೊಳೋ ಅಂತ ಅತ್ತಳು. “ಅತ್ತೆ, ನಾನು ನಿಮ್ಮನ್ನ ಎಂಥ ಮಾತು ಆಡೋ ಹಂಗೆ ಮಾಡ್ಬಿಟ್ಟೆ.”

“ಅಳಬೇಡ ಸುಮ್ಕಿರು,” ಅಂದಳು ಮುನಿಯಕ್ಕ. “ಆನೇಕಲ್ಲಲ್ಲಿ ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ಚೆನ್ನಕ್ಕ ಮಣ್ಣು ಬಗೆದಿದ್ದು ಕಥೆ ಯೋಳ್ಲಿ ಅಂತಲ್ಲ. ಮಗೀನ ಮಲಗಿಸೋಕೆ ಒಂದು ಜಾಗ ಬೇಕು ಅಂತ. ಓಗು, ಆ ಆಟೋದವ್ನಿಗೆ ನೀರು ಕೊಡು.”

ಮಳೆಗಾಲ ಶುರುವಾಗುವ ಹೊತ್ತಿಗೆ ತೀರ್ಮಾನ ಬಂತು. ಕೆರೆಯ ಗಡಿ ಗುಡಿಯ ಹಿಂದಕ್ಕೇ ನಿಲ್ಲುತ್ತದೆ, ಪಾಳ್ಯ ಕೆರೆಯ ಜಾಗವಲ್ಲ. ಟೆಕ್ ಪಾರ್ಕಿನ ಗಾಜಿನ ಕಟ್ಟಡಕ್ಕೂ ಏನೂ ಆಗಲಿಲ್ಲ, ಆಗುವುದೂ ಇಲ್ಲ ಬಿಡಿ, ಅಂಥವರ ಹತ್ತಿರ ಅವರದೇ ನಕ್ಷೆ ಇರುತ್ತದೆ. ಪಾಳ್ಯದವರು ಪಟಾಕಿ ಹೊಡೆದರು, ದೊಡ್ಡ ಪಾತ್ರೆಯಲ್ಲಿ ಕೇಸರಿಬಾತು ಮಾಡಿ ಹಂಚಿದರು. ಮುನಿರಾಜು ಗೋಡೆಗೆ ಹೊಸ ಪೇಂಟ್ ಹೊಡೆಸಿದ. ಗುಡಿಯ ಮೇಲೆ ಮಾತ್ರ ‘ಕೆರೆ’ ಅಂತ ಮತ್ತೆ ಬರೆಸುವ ಧೈರ್ಯ ಯಾರಿಗೂ ಬರಲಿಲ್ಲ. ಫೈಲು ಅಂದಮೇಲೆ ಮತ್ತೆ ತೆರೆಯುವುದಿಲ್ಲ ಅಂತ ಏನು ಗ್ಯಾರಂಟಿ, ಅಂದ ನಲ್ಲಪ್ಪ.

ಸಂತೋಷ ಪಡಬೇಕಾದ ಮಹಾಲಕ್ಷ್ಮಿಗೆ ಇನ್ನೊಂದು ಸಂಕಟ ಹಿಡಿಯಿತು. ಮುನಿಯಕ್ಕ ಊರು ಹೇಳುವುದನ್ನು ನಿಲ್ಲಿಸಿಬಿಟ್ಟಿದ್ದಳು. ಬಂದವರಿಗೆ ನೀರು ಕೊಡುತ್ತಿದ್ದಳು, “ಕುಡೀರಪ್ಪ” ಅನ್ನುತ್ತಿದ್ದಳು, ಒಳಗೆ ಹೋಗುತ್ತಿದ್ದಳು. ಮಹಾಲಕ್ಷ್ಮಿ ಒಂದು ಸಲ ಕೆಲಸದ ನಡುವೆ, ಲಿಫ್ಟಿನ ಹತ್ತಿರ ನಿಂತು, ತಾನೇ ಕಥೆಯನ್ನು ಮನಸ್ಸಿನಲ್ಲಿ ಹೇಳಿಕೊಂಡು ನೋಡಿದಳು. ಚೆನ್ನಕ್ಕ ಮಣ್ಣು ಬಗೆಯುವ ತನಕ ಸರಾಗವಾಗಿ ಬಂತು. ಆಮೇಲೆ ಹುಟ್ಟಿದ ಮಗು? ಅದಕ್ಕೊಂದು ಹೆಸರಿತ್ತು. ಹೊಕ್ಕುಳಬಳ್ಳಿ ಕತ್ತರಿಸಿದ್ದು ಆ ದಾರಿಯಲ್ಲಿ ಹೋಗುತ್ತಿದ್ದ ಯಾರೋ ಬೇರೆ ಜಾತಿಯ ಹೆಂಗಸು, ಅವಳಿಗೂ ಹೆಸರಿತ್ತು. ಹಿಂದಿರುಗಿ ಬಂದವರು ಚೆನ್ನಕ್ಕನಿಗೆ ಏನೋ ಕೇಳುತ್ತಾರೆ, ಅವಳು ಏನೋ ಉತ್ತರ ಕೊಡುತ್ತಾಳೆ. ಆ ಉತ್ತರಕ್ಕೆ ಕೇಳಿದವರ ಕಣ್ಣಲ್ಲಿ ನೀರು ಬರುತ್ತಿತ್ತು. ಏನದು? ದಿನಾ ಕಿವಿಗೆ ಬೀಳುತ್ತಿತ್ತಲ್ಲ, ಎಲ್ಲಿ ಹೋಗುತ್ತೆ ಅಂತ ಅವಳು ಒಂದು ದಿನವೂ ಕೂತು ಕೇಳಿರಲಿಲ್ಲ.

ಗಾಬರಿಯಾಗಿ ಪಟ್ಟಾಭಿರಾಮರ ಮನೆಗೆ ಹೋದಳು. “ಸಾರ್, ಆ ರೆಕಾರ್ಡು ಒಂದ್ಸಲ ಕೇಳಿಸ್ತೀರಾ?”

ಅವರು ತಲೆ ತಗ್ಗಿಸಿದರು. “ಅವತ್ತೇ ಅಳಿಸಿಬಿಟ್ಟೆ ಅಮ್ಮ. ಯಾರಾದರೂ ಕೇಳಿದ್ರೆ ಇಲ್ಲ ಅಂತ ಸುಳ್ಳು ಹೇಳೋಕೆ ನನಗೆ ಬರಲ್ಲ. ನಿಮ್ಮ ಮನೆ ಉಳೀಲಿ ಅಂತ...” ಕಾಫಿ ಕುಡಿದು ಹೋಗಿ ಅಂದರು. ಅವಳು ಕೂರದೆ ಬಂದುಬಿಟ್ಟಳು.

ಮನೆಯಲ್ಲಿ ಮುನಿಯಕ್ಕ ಅವರೆಕಾಯಿ ಬಿಡಿಸುತ್ತಿದ್ದಳು. ಮಹಾಲಕ್ಷ್ಮಿ ಬಾಗಿಲು ಹಾಕಿ ಪಕ್ಕದಲ್ಲಿ ಕೂತಳು. “ಅತ್ತೆ, ಯಾರೂ ಇಲ್ಲ. ನನಗೊಬ್ಬಳಿಗೆ ಊರು ಹೇಳಿ. ಪಿಸುಮಾತಲ್ಲೇ ಹೇಳಿ.”

“ಯೋಳಿದ್ನಲ್ಲ. ಒಸಕೋಟೆ ಕಡೆಯಿಂದ ಗಾಡೀಲಿ ಬಂದ್ವಿ.”

“ಅದಲ್ಲ ಅತ್ತೆ. ನಿಜವಾದ್ದು.”

ಮುನಿಯಕ್ಕ ಕಾಳು ಬಿಡಿಸುವುದನ್ನು ನಿಲ್ಲಿಸಲಿಲ್ಲ. “ಒಂದೂರಿಗೆ ಎರಡು ಹುಟ್ಟು ಇರ್ತದೇನಮ್ಮಿ? ಆ ಬಾಯಲ್ಲಿ ಅದನ್ನ ಯೋಳಿದ ಮ್ಯಾಲೆ ಇದನ್ನ ಎಂಗೆ ಯೋಳ್ಲಿ? ಮನೆ ಉಳೀತಲ್ಲ, ಬಿಡು.”

“ಆ ಮಗೀನ ಹೆಸರಾದ್ರೂ ಹೇಳಿ.”

“ಗೊತ್ತಿಲ್ಲ,” ಅಂದಳು ಮುನಿಯಕ್ಕ. ಬೇಸರವಿಲ್ಲ, ಸಿಟ್ಟಿಲ್ಲ. ಮರೆತಿದ್ದಾಳೋ, ಮರೆಯುವ ಹಟ ಹಿಡಿದಿದ್ದಾಳೋ, ಆ ಮುಖ ನೋಡಿ ತಿಳಿಯುವಂತಿರಲಿಲ್ಲ.

ಆ ತಿಂಗಳ ಕೊನೆಗೆ ಮೇಲಿನ ಮನೆಗೆ ಹೊಸ ಬಾಡಿಗೆಯವಳು ಬಂದಳು. ಲಕ್ಷ್ಮವ್ವ, ರಾಯಚೂರು ಕಡೆಯವಳು, ಟೆಕ್ ಪಾರ್ಕಿನ ಕ್ಯಾಂಟೀನಿನಲ್ಲಿ ರೊಟ್ಟಿ ತಟ್ಟುವ ಕೆಲಸ. ಮಹಾಲಕ್ಷ್ಮಿಯೇ ನೀರು ತಂದುಕೊಟ್ಟಳು. ಆಕೆ ಕುಡಿದು, ಬಾಯಿ ಒರೆಸಿಕೊಂಡು, ಅರಳಿಮರವನ್ನೂ ಗುಡಿಯನ್ನೂ ಕಣ್ತುಂಬ ನೋಡಿ, “ಭಾಳ ಹಳೇ ಊರು ಕಾಣ್ತೈತ್ರೀ ಅಕ್ಕಾ. ಯಾರ ಕಟ್ಯಾರ್ರೀ ಇದನ್ನ?” ಅಂತ ಕೇಳಿದಳು.

ಮಹಾಲಕ್ಷ್ಮಿ ಬಾಯಿ ತೆರೆದಳು. ಬೀದಿಯಲ್ಲಿ ಯಾರೋ ಇಬ್ಬರು, ಕತ್ತಿಗೆ ಗುರುತಿನ ಕಾರ್ಡು ಹಾಕಿಕೊಂಡವರು, ಮಾತಾಡಿಕೊಂಡು ಹೋಗುತ್ತಿದ್ದರು. ಯಾವ ಕಂಪನಿಯವರೋ ಏನೋ. ಅವರು ದಾಟಿ ಹೋಗುವ ತನಕ ಕಾದಳು. ದಾಟಿ ಹೋದ ಮೇಲೂ ಚೆನ್ನಕ್ಕನ ಹೆಸರು ಬಾಯಿಗೆ ಬರಲಿಲ್ಲ.

“ಹಳೇದೇನಿಲ್ಲಮ್ಮ,” ಅಂದಳು. “ನಮ್ಮೋರು ಹೊಸಕೋಟೆ ಕಡೆಯಿಂದ ಗಾಡಿ ಕಟ್ಕೊಂಡು ಬಂದ್ರು. ಇದೆಲ್ಲ ದಿಣ್ಣೆ. ರಾಗಿ ಬೆಳೀತಿದ್ರು.”

ಜಗಲಿಯ ಮೇಲೆ ಕೂತಿದ್ದ ಮುನಿಯಕ್ಕ ಅತ್ತಲಿಂದಲೇ ಮೆಚ್ಚಿ ತಲೆಯಾಡಿಸಿದಳು. “ಗಾಡಿ ಚಕ್ರದ ಕಲ್ಲು ಬಿಟ್ಬಿಟ್ಟೆ,” ಅಂದಳು. “ಅದನ್ನೂ ಯೋಳು.”